ಗೋಣಿಯಾದ ದೋಣಿ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ಹೆಬ್ಬಾಗಿಲಿನ ಮುಂದೆ ಕಂಬಗಳ ಮೇಲೆ ಕೂರಿಸಿರುವ ಹಳೆಯ ವಿಮಾನದ ಮೂಗನ್ನು ಒಬ್ಬ ಹೆಂಗಸು ಏಣಿ ಹತ್ತಿ ಒರೆಸುತ್ತಿದ್ದಾರೆ, ಮಗುವಿನ ಮೂಗು ಒರೆಸಿದಂತೆ. "ರಾತ್ರಿಯೆಲ್ಲಾ ಪಾರಿವಾಳಗಳು ಇದರ ತಲೆ ಮೇಲೆ ಸಂಸಾರ ಮಾಡ್ತವೆ, ಬೆಳಗಾದ್ರೆ ಬಾಣಂತನ ನನ್ನದು" ಎನ್ನುತ್ತಾರೆ.

ದಿನಕ್ಕೆ ಆರು ಬಕೆಟ್ ನೀರು, ಇಪ್ಪತ್ತೆರಡು ಕಿಟಕಿ. ಹತ್ತೊಂಬತ್ತು ವರ್ಷಗಳ ಈ ಕೆಲಸಕ್ಕೆ ಶನಿವಾರ ಕೊನೆ; ಅಂದು ನಿವೃತ್ತಿ. ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಇದು ನೀರಿನ ಮೇಲೆ ಇಳಿಯುತ್ತಿದ್ದ ವಿಮಾನ. ಇವರ ತಂದೆ ಕೆರೆಗೆ ಬಂದಿಳಿದ ಇಂಥ ವಿಮಾನಗಳಿಗೆ ಹಗ್ಗ ಹಾಕಿ ದಡಕ್ಕೆ ಕಟ್ಟುತ್ತಿದ್ದವರು. ಕೊನೆಯ ಮಗಳಿಗೆ ಅವರು ಬಿಟ್ಟುಹೋದ ಆಸ್ತಿಯೆಂದರೆ ಕತೆಗಳು. "ಆಗ ಪೆಟ್ಟಿಗೆ ಮಾತ್ರ ಅಲ್ಲ, ಜನರನ್ನೂ ತೂಗ್ತಿದ್ರು. ದಪ್ಪಗಿದ್ದೋರು ಉಸಿರು ಬಿಗಿ ಹಿಡಿದು ನಿಲ್ತಿದ್ರಂತೆ, ತೂಕ ಕಮ್ಮಿ ಬರುತ್ತೆ ಅಂತ! ಮರಳುಗಾಡಲ್ಲಿ ಪೈಲಟ್‌ಗೆ ದಾರಿ ತಪ್ಪಬಾರದು ಅಂತ ನೆಲ ಉತ್ತು ಗೆರೆ ಎಳೆದಿದ್ರು. ಅಷ್ಟು ದೂರ ಉತ್ತಿದ್ದೇ ಬಂತು, ಒಂದು ಕಾಳು ಬೆಳೀಲಿಲ್ಲ!"

ಒಂದೇ ಸಂಕಟ. ವಿಮಾನದ ಕೆಳಗಿನ ಫಲಕದಲ್ಲಿ 'ಹಾರುವ ದೋಣಿ' ಎಂದಿರಬೇಕಾದಲ್ಲಿ 'ಹಾರುವ ಗೋಣಿ' ಎಂದಿದೆ. ಒಂಬತ್ತು ವರ್ಷದ ಹಿಂದೆ ಬರೆದವನ ಕೈ ಜಾರಿತು. ಅಂದಿನಿಂದ ಇವರು ಗೋಣಿಯಮ್ಮ. ಕಾವಲುಗಾರ ಇಂದೂ ಕೂಗುತ್ತಾನೆ: "ಗೋಣಿಯಮ್ಮಾ, ಇವತ್ತೇನು ತುಂಬಿಸಿದ್ರಿ, ಅಕ್ಕಿನಾ ಹಿಂಡಿನಾ?"

"ನಿನ್ನನ್ನೇ ತುಂಬಿಸಿ ಬಾಯಿ ಹೊಲೀತೀನಿ, ಬಾ!"

ಅಕ್ಷರ ತಿದ್ದಿಸಿರೆಂದು ಕಚೇರಿಗೆ ಅರ್ಜಿ ಕೊಟ್ಟರು. ಗೋಣಿ ಎಂಬ ಮಾತು ಕಂಡ ಗುಮಾಸ್ತರು ಅದನ್ನು ಸರಕು ವಿಭಾಗಕ್ಕೆ ಕಳಿಸಿದರು. 'ನಮ್ಮಲ್ಲಿ ಗೋಣಿ ದಾಸ್ತಾನಿಲ್ಲ' ಎಂದು ಉತ್ತರ ಬಂತು. ದುಃಖದಲ್ಲಿರುವವರನ್ನೂ ನಗಿಸುವ ನಾಲಗೆಯನ್ನು ಭಗವಂತ ಕೆಲವರಿಗೆ ಕೊಟ್ಟಿರುತ್ತಾನೆ. ಇವರಿಗೂ ಅದಿದೆ. ಆದರೆ ಮುಂದಿನ ಮಾತು ಹೇಳುವಾಗ ಇವರೇ ನಗುವುದಿಲ್ಲ: "ನಮ್ಮಪ್ಪ ಹಗ್ಗ ಹಿಡಿದದ್ದು ದೋಣಿಗೆ. ನಾನು ಹೋಗೋದ್ರೊಳಗೆ ಆ ಒಂದಕ್ಷರ ಸರಿಯಾಗಬೇಕು."

ಒಂಬತ್ತು ವರ್ಷಕ್ಕೆ, ಏಳನೆಯ ಅರ್ಜಿ ಫಲಿಸಿದೆ. ಏಳು ಗಂಟೆಗೆ ಪೇಂಟರ್ ಬಣ್ಣದ ಡಬ್ಬಿ ಹಿಡಿದು ಬರುತ್ತಾನೆ. ಇವರು ಅವನ ಬೆನ್ನ ಹಿಂದೆಯೇ ನಿಲ್ಲುತ್ತಾರೆ.

"ದ ಕಣಪ್ಪಾ, ದ! ಗ ಅಲ್ಲ."

"ಗೊತ್ತಮ್ಮಾ, ನಾನೂ ಶಾಲೆಗೆ ಹೋಗಿದ್ದೀನಿ."

"ಹೋದ ಸಲ ಬರೆದೋನೂ ಹೋಗಿದ್ದ."

ಗ ಅಳಿಯುತ್ತದೆ. ದ ಮೂಡುತ್ತದೆ, ಒತ್ವ, ದೀರ್ಘ ಎಲ್ಲ ಸಮೇತ. ಅವರು ತುಟಿಯಲ್ಲೇ ಒಮ್ಮೆ, ಆಮೇಲೆ ಕಾವಲುಗಾರನಿಗೆ ಕೇಳುವಂತೆ ಗಟ್ಟಿಯಾಗಿ ಒಮ್ಮೆ ಓದುತ್ತಾರೆ. ಕಣ್ಣು ಒದ್ದೆಯಾಗಿದೆ.

ಪೇಂಟರ್‌ಗೂ ಹುರುಪು ಬಂದಿದೆ. "ಬಣ್ಣ ಮಿಕ್ಕಿದೆ. ಉಳಿದ ಅಕ್ಷರಗಳೂ ಮಾಸಿವೆ, ಅವನ್ನೂ ತಿದ್ದಿಬಿಡ್ಲಾ ಅಮ್ಮಾ?"

ಫಲಕಕ್ಕೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಲ್ಲುತ್ತಾರೆ. "ಬೇಡಪ್ಪಾ, ನಿನಗೆ ಪುಣ್ಯ ಬರುತ್ತೆ! ಇನ್ನೊಂದು ಒಂಬತ್ತು ವರ್ಷ ನನ್ನ ಹತ್ತಿರ ಇಲ್ಲ."