ನನ್ನ ರೆಪ್ಪೆಯ ಹಕ್ಕಳೆ ಬೀಳಿಸಿದವರು

ನನ್ನ ಎಡಗಣ್ಣಿನ ಕೆಳರೆಪ್ಪೆಯಲ್ಲಿ ಆ ಗುಳ್ಳೆ ಎದ್ದದ್ದು ಯಾವಾಗ ಎಂದು ನನಗೇ ಸರಿಯಾಗಿ ನೆನಪಿಲ್ಲ. ಕನ್ಯಾನದ ಕಡೆ ಕೆಂಪುಕಲ್ಲಿನ ಕೋರೆಯಲ್ಲಿ ಬಿಸಿಲಿಗೆ ಮುಖ ಕೊಟ್ಟು ದುಡಿದವನು ನಾನು. ಒಂದು ಗುಳ್ಳೆಗೆಲ್ಲ ಕನ್ನಡಿ ಹುಡುಕುವ ಜನ ಅಲ್ಲ. ಆದರೆ ನಮ್ಮಲ್ಲಿ ನಿಮ್ಮ ಗುಳ್ಳೆ ನಿಮ್ಮದಲ್ಲ, ಅದು ಊರಿನವರದ್ದು.

ಆ ಗುಳ್ಳೆಗೆ ಒಂದು ಗುಣ ಇತ್ತು. ಹಕ್ಕಳೆ ಕಟ್ಟುವುದು, ತುಸು ರಕ್ತ ಒಸರುವುದು, ಹಕ್ಕಳೆ ಬಿದ್ದು ವಾಸಿಯಾದ ಹಾಗೆ ಕಾಣುವುದು, ಪುನಃ ಶುರು. ಹಕ್ಕಳೆ ಬಿದ್ದಾಗಲೆಲ್ಲ ಅದನ್ನು ಬೀಳಿಸಿದ್ದು ತಾನೇ ಎನ್ನುವವನೊಬ್ಬ ತಯಾರಾಗಿ ನಿಂತಿರುತ್ತಿದ್ದ.

ಮೊದಲು ಬಂದದ್ದು ನೆರೆಮನೆಯವಳು. ಎಲೆಯಡಿಕೆ ಪೆಟ್ಟಿಗೆಯ ಸುಣ್ಣ ಹಚ್ಚಿಸಿದಳು. ಕಣ್ಣಿನ ಅಂಚಿಗೆ ಸುಣ್ಣ! ಉರಿಯಿತು, ಹಕ್ಕಳೆ ಬಿತ್ತು. "ನೋಡಿದಿರಾ ನನ್ನ ಕೈಗುಣ?" ಎಂದಳು. ಪುನಃ ಎದ್ದಾಗ ಅದೇ ಬಾಯಿ, "ನೀವು ಒಣಮೀನು ತಿಂದಿರಬೇಕು" ಎಂದಿತು.

ಆಮೇಲೆ ನನ್ನ ಅಣ್ಣ. ಚರ್ಮಕ್ಕೆ ಏನಾದರೂ ಆದರೆ ನಮ್ಮವರು ನಾಗನ ತಲೆಗೇ ಕಟ್ಟುವುದು. ಕುಟುಂಬದ ನಾಗಬನದಲ್ಲಿ ತಂಬಿಲದ ಪೂಜೆ ಕೊಡಿಸಿದ, ಅಷ್ಟರಲ್ಲಿ ಹಕ್ಕಳೆ ಬಿತ್ತು. ಮತ್ತೆ ಅಣ್ಣನ ಜಂಬ ಕೇಳುವುದು ಬೇಡ! ನಾಗನಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ನಾಗನ ಸೆಕ್ರೆಟರಿಯ ಹಾಗೆ ಮಾತಾಡುವವನಿಗಲ್ಲ.

ಎಲ್ಲರನ್ನೂ ಮೀರಿಸಿದವನು ತಂಗಿಯ ಮಗ. ಗಲ್ಫಿನಿಂದ ಬಂದು ಮಾಣಿ ಪೇಟೆಯಲ್ಲಿ ಆರೋಗ್ಯಕ್ಕೆಂದು ಡಬ್ಬಿಪುಡಿ ಮಾರುವ ಅಂಗಡಿ ಇಟ್ಟವನು.

"ಮಾವ, ನಿಮ್ಮ ಮೈಯೊಳಗೆ ಆಕ್ಸಿಡೇಟಿವ್ ಸ್ಟ್ರೆಸ್ ಉಂಟು. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ."

"ನಿನಗೆ ಹೇಗೆ ಗೊತ್ತಾಯ್ತು ಮಾರಾಯ?"

"ಮುಖ ನೋಡಿದರೇ ಗೊತ್ತಾಗ್ತದೆ."

ಶಾಲೆಯಲ್ಲಿ ವಿಜ್ಞಾನದ ಪರೀಕ್ಷೆಯಲ್ಲೇ ಬಿದ್ದವನು! ಅವನ ನೇರಳೆ ಬಣ್ಣದ ಪುಡಿ ಕಲಸಿ ಕುಡಿಯುವಾಗಲೂ ಹಕ್ಕಳೆ ಬಿತ್ತು. ಕೂಡಲೇ ನನ್ನ ಮುಖದ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದ.

ಹೀಗಿರುವಾಗ ಮೂಡುಬಿದಿರೆಯಲ್ಲಿ ಲ್ಯಾಬಿನ ವಿದ್ಯೆ ಕಲಿಯುವ ನನ್ನ ಪುಳ್ಳಿ, ಮಗಳ ಮಗಳು, ರಜೆಗೆ ಬಂದಳು. ನನ್ನ ಬಂಗಾರ! ಅಂಗಳದಲ್ಲಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಜ್ಜ, ಇಲ್ಲಿಯ ರೆಪ್ಪೆಕೂದಲು ಎಲ್ಲಿ ಹೋಯ್ತು?"

ಹಕ್ಕಳೆ ಬಿದ್ದದ್ದನ್ನು ಊರೇ ನೋಡಿತ್ತು, ಕೂದಲು ಉದುರಿದ್ದನ್ನು ಒಬ್ಬನೂ ನೋಡಿರಲಿಲ್ಲ. ಅವಳು ನನ್ನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗುಳ್ಳೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಚರ್ಮದ ಕ್ಯಾನ್ಸರ್. "ಈಗಲೇ ಗುಳ್ಳೆ ತೆಗೆದರೆ ಕಣ್ಣು ಉಳೀತದೆ. ಒಳಗೆ ಇಳಿದರೆ ಕಣ್ಣನ್ನೇ ತೆಗೆಯಬೇಕಾದೀತು" ಎಂದರು ಡಾಕ್ಟರು.

ಸುದ್ದಿ ಕೇಳಿ ತಂಗಿಯ ಮಗ ಓಡಿ ಬಂದ. ಮುಖದಲ್ಲಿ ಬೇಸರ ಇರಲಿಲ್ಲ, ಗೆದ್ದವನ ಕಳೆ ಇತ್ತು. "ನಾನು ಹೇಳಿದ್ದೇ ಅಲ್ವಾ? ಕತ್ತಿ ಯಾಕೆ? ರಕ್ತದಲ್ಲಿ ಬಯೋಮಾರ್ಕರ್ ನೋಡಿಸುವ, ಪುಡಿ ಡಬಲ್ ಮಾಡುವ, ಮಳೆಗಾಲ ಕಳೆಯಲಿ."

ಪುಳ್ಳಿ ತಾಳ್ಮೆಯಿಂದಲೇ ಹೇಳಿದಳು. "ಮಾವ, ಬಿಸಿಲಿಗೆ ಚರ್ಮ ಒಳಗಿಂದ ಹಾಳಾಗ್ತದೆ, ಅದರ ಗುರುತು, ನೀವು ಹೇಳುವ ಬಯೋಮಾರ್ಕರ್, ರಕ್ತದಲ್ಲಿ ಸಿಗ್ತದಾ ಎಂದು ಸಂಶೋಧನೆ ಮಾಡುವವರು ಇದ್ದಾರೆ. ಅದು ಸುಳ್ಳಲ್ಲ. ಆದರೆ ರಕ್ತ ನೋಡಿ ಈ ಗುಳ್ಳೆ ಏನೆಂದು ಹೇಳ್ಲಿಕ್ಕೆ ಆಗುದಿಲ್ಲ. ಪುಡಿಗೆ ಇದು ಕರಗುದೂ ಇಲ್ಲ. ಬೇಕಿದ್ದರೆ ನಿಮ್ಮ ರಕ್ತ ಕೊಡಿ, ನಿಮ್ಮೊಳಗೆ ಎಷ್ಟು ತುಕ್ಕು ಉಂಟೆಂದು ನೋಡುವ."

ಸೂಜಿಯ ಹೆಸರು ಕೇಳಿದ್ದೇ ಸಾಕು, ಮಹಾನುಭಾವ ಚಾ ಕುಡಿಯದೆ ಎದ್ದು ಹೋದ.

ಗುಳ್ಳೆ ತೆಗೆದರು. ಕಿವಿಯ ಹಿಂದಿನ ಚರ್ಮ ತಂದು ರೆಪ್ಪೆಗೆ ತೇಪೆ ಹಾಕಿದರು. ತೆಗೆದ ತುಂಡನ್ನು ಪರೀಕ್ಷಿಸಿ, ಅಂಚಿನಲ್ಲಿ ರೋಗ ಉಳಿದಿಲ್ಲ ಎಂದರು. ಕಟ್ಟು ಬಿಚ್ಚಿದ ದಿನ ಡಾಕ್ಟರು, "ಕಣ್ಣು ಮುಚ್ಚಿ" ಎಂದರು. ಮುಚ್ಚಿದೆ. ಸರಿಯಾಗಿ ಮುಚ್ಚಿತು! "ತೆಗೆಯಿರಿ" ಎಂದರು. ಎದುರಿಗೆ ನನ್ನ ಪುಳ್ಳಿ, ಮೂಗು ಕೆಂಪು ಮಾಡಿಕೊಂಡು ನಗುತ್ತಿದ್ದಾಳೆ. ಮಕ್ಕಳು ಹುಟ್ಟಿದಾಗಲೂ ನನಗೆ ಅಷ್ಟು ಖುಷಿ ಆಗಿತ್ತೋ ಇಲ್ಲವೋ!

ಬಸ್ಸಿನಲ್ಲಿ ಬಿ.ಸಿ.ರೋಡ್ ಬರುವವರೆಗೂ ಆ ಒಂದು ಕಣ್ಣನ್ನು ಮುಚ್ಚುವುದು, ತೆರೆಯುವುದು, ಅದೇ ಕೆಲಸ. ಕೊನೆಗೆ ಪುಳ್ಳಿ ನನ್ನ ತೊಡೆಗೆ ಹೊಡೆದಳು.

"ಅಜ್ಜ, ಸಾಕು ಮಾರಾಯ್ರೆ! ಎದುರಿನ ಸೀಟಿನಲ್ಲಿ ಹೆಂಗಸರು ಕೂತಿದ್ದಾರೆ."