ವಡಗೇರಾದಲ್ಲಿಟ್ಟ ಗಂಟು

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದರ ಬಗ್ಗೆ ನಮ್ಮ ಶಹಾಪುರದ ಕಡೆ ಯಾರೂ ವಾದ ಮಾಡುವುದಿಲ್ಲ. ನನ್ನ ಮಗಳು ಮಾತ್ರ ಸಮುದ್ರದಾಚೆ, ಶ್ರೀಲಂಕಾದ ಜಾಫ್ನಾದಲ್ಲಿದ್ದಳು. ಅಳಿಯ ಈಚೆ ದಡದ ನಾಗಪಟ್ಟಣದ ಹುಡುಗ, ಜಾಫ್ನಾದಲ್ಲಿ ಕಟ್ಟಡಗಳ ಎಂಜಿನಿಯರ್. ಏಳನೇ ತಿಂಗಳಲ್ಲಿ ಹೋಗಿ ಕರೆತರೋಣವೆಂದು ನಾವು ಸಿದ್ಧರಾಗುತ್ತಿದ್ದಾಗಲೇ ಅಲ್ಲಿನ ಡಾಕ್ಟರು, ರಕ್ತದೊತ್ತಡ ಏರುತ್ತಿದೆ, ಪ್ರಯಾಣದ ಮಾತೇ ಬೇಡ ಎಂದುಬಿಟ್ಟರು. ಮಗಳು ಬರುವಂತಿಲ್ಲವೆಂದ ಮೇಲೆ ತವರೇ ಎದ್ದು ಅವಳಿದ್ದಲ್ಲಿಗೆ ಹೋಗಬೇಕಾಯಿತು. ಹೆರಿಗೆಯ ಹೊತ್ತಿಗೆ ನಾನು ಅವಳ ಪಕ್ಕದಲ್ಲಿರಬೇಕು. ನನಗೆ ಬೇಕಾಗಿದ್ದು ಅದೊಂದೇ.

ವಿಮಾನದಲ್ಲಿ ಹೋಗಬಹುದಿತ್ತು. ಆದರೆ ಮಗಳು ಫೋನಿನಲ್ಲಿ, ನಾಯಿಯನ್ನೂ ತಗೊಂಡು ಬಾ ಎಂದು ಹಟ ಹಿಡಿದಳು. ಕಾಲೇಜಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಹಿಂದೆ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಓಢಣಿಯಲ್ಲಿ ಸುತ್ತಿ ತಂದು ನನ್ನ ಅಡುಗೆಮನೆಯಲ್ಲಿ ಬಿಟ್ಟವಳು ಅವಳು. ಮದುವೆಯಾಗಿ ಹೋದ ದಿನ ನಮ್ಮಿಬ್ಬರಿಗಿಂತ ಹೆಚ್ಚು ಅದನ್ನೇ ಅಪ್ಪಿಕೊಂಡು ಅತ್ತವಳೂ ಅವಳೇ. ಹಾಸಿಗೆಯಲ್ಲಿ ಬಿದ್ದುಕೊಂಡಿರುವ ಬಸುರಿಗೆ ಇಲ್ಲ ಎನ್ನುವುದು ಹೇಗೆ? ನಾಗಪಟ್ಟಣದಿಂದ ಹಡಗು ಇದೆ, ಕಾಗದಪತ್ರ ಸರಿಯಿದ್ದರೆ ನಾಯಿಯನ್ನು ಪಂಜರದಲ್ಲಿ ತರಬಹುದು ಎಂದು ಅಳಿಯ ವಿಚಾರಿಸಿ ಹೇಳಿದ. ಕಾರನ್ನು ಹಡಗಿಗೆ ಹಾಕುವುದಿಲ್ಲ. ಅದನ್ನು ಬೀಗರ ಅಂಗಳದಲ್ಲಿ ಬಿಟ್ಟು ಹೋಗುವುದೆಂದಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಶಾಂತಿ ಹೋಯಿತು. ನನಗೂ ನನ್ನ ಗಂಡನಿಗೂ ಪಾಸ್‌ಪೋರ್ಟ್ ಬರುವಷ್ಟರಲ್ಲಿ ನಾಯಿಯ ಫೈಲು ನಮ್ಮಿಬ್ಬರದಕ್ಕಿಂತ ದಪ್ಪವಾಗಿತ್ತು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, ಅದಕ್ಕೂ ಮೊದಲು ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಕೂಡಿಸಬೇಕು, ಅದಕ್ಕೆ ಕಲಬುರಗಿಗೆ ಹೋಗಬೇಕು, ಲಸಿಕೆ ಹಿಡಿದಿದೆಯೋ ಇಲ್ಲವೋ ಎಂದು ರಕ್ತ ಪರೀಕ್ಷೆಗೆ ಕಳಿಸಬೇಕು. ಕೊನೆಯದಾಗಿ ಯಾದಗಿರಿಯ ಪಶುವೈದ್ಯರು ನಾಯಿ ಆರೋಗ್ಯವಾಗಿದೆ ಎಂದು ಬರೆದುಕೊಡಬೇಕು. ಆ ಕಾಗದ ಕೆಲವೇ ದಿನ ನಡೆಯುತ್ತದೆ. ಡಾಕ್ಟರು ಅದರ ಹಲ್ಲು, ಕಿವಿ, ಬಾಲದ ಬುಡ ಎಲ್ಲ ನೋಡುವಾಗ ನಾಯಿ ನನ್ನತ್ತ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಹೆಣ್ಣು ನೋಡಲು ಬಂದವರ ಮುಂದೆ ನಾನೂ ಹಾಗೆಯೇ ಕೂತಿದ್ದೆ.

ನನ್ನ ಗಂಡ ಹತ್ತಿ ದಲಾಲಿ. ಅವರ ಕಾರು ಎಂದರೆ ಚಕ್ರ ಇರುವ ಗೋದಾಮು. ಸೀಟಿನ ಸಂದಿಯಲ್ಲಿ ಹತ್ತಿಯ ಎಳೆ, ಡಿಕ್ಕಿಯಲ್ಲಿ ತೊಗರಿಯ ಕಾಳು. ಅದನ್ನು ತೊಳೆಸಿ, ಹೊಸ ಟೈರು ಹಾಕಿಸಿ, ವಿಮೆ, ಹೊಗೆ ತಪಾಸಣೆ ಎಲ್ಲ ಮಾಡಿಸಿದರು. ಹಿಂದಿನ ಸೀಟಿನ ಅರ್ಧ ನಾಯಿಯ ಪಂಜರಕ್ಕೆ, ಉಳಿದರ್ಧ ಬಾಣಂತನದ ಸಾಮಾನಿಗೆ. ಅಂಟು, ಕೊಬ್ಬರಿ, ಉತ್ತತ್ತಿ, ಅಜವಾನ, ಹಳೆಯ ಸೀರೆ ಹರಿದು ಕೂಸಿನ ತಲೆಗೆ ಮಾಡಿದ ಕುಲಾಯಿ, ಹೊದಿಸಲು ದುಪಟಿ. ಅಲ್ಲಿ ಇವೆಲ್ಲ ಸಿಗುತ್ತವೆ ಎಂದು ಅಳಿಯ ಹೇಳುತ್ತಲೇ ಇದ್ದ. ಸಿಗಬಹುದು, ಆದರೆ ತವರಿನದಲ್ಲವಲ್ಲ.

ಹಡಗು ದಿನಾ ಹೋಗುವುದಿಲ್ಲ. ಸಮುದ್ರ ಸ್ವಲ್ಪ ಮುನಿಸಿಕೊಂಡರೂ ನಿಲ್ಲುತ್ತದೆ. ಈ ಸಲದ ಹಡಗು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಅಷ್ಟರಲ್ಲಿ ನಾಯಿಯ ಕಾಗದ ಮುಗಿದು ಮತ್ತೆ ಯಾದಗಿರಿಯಿಂದ ಶುರು ಮಾಡಬೇಕು. ಮಗಳ ಹೊಟ್ಟೆಯೊಳಗಿದ್ದದ್ದು ನಮ್ಮ ಟಿಕೆಟು ನೋಡಿಕೊಂಡು ಕಾಯುವುದಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಪಾತ್ರೆ ಬಿದ್ದರೂ ಯಾರ ಮೇಲಾದರೂ ಹರಿಹಾಯುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ಅತ್ತೆ ಪಂಚಾಂಗ ತೆಗೆಸಿದರು. ಸುರಪುರದ ಅಯ್ಯನವರನ್ನು ಫೋನಿನಲ್ಲಿ ಕೇಳಿದರೆ, ನಾವು ಹೊರಡುವ ದಿನ ಅಮಾವಾಸ್ಯೆ ಎಂದು ತಿಳಿಯಿತು. ಅತ್ತೆ ಗಾಬರಿಯಾಗಲಿಲ್ಲ, ಅವರ ಬಳಿ ಅದಕ್ಕೂ ಉಪಾಯವಿತ್ತು. ನಮ್ಮಲ್ಲಿ ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಒಂದು ಗಂಟು ಇಡುತ್ತಾರೆ. ಗಂಟು ಹೊರಟರೆ ಮನುಷ್ಯನೂ ಹೊರಟ ಹಾಗೆ. ಆಮೇಲೆ ಯಾವ ದಿನ ಬೇಕಾದರೂ ಮನೆ ಬಿಟ್ಟು, ದಾರಿಯಲ್ಲಿ ಗಂಟನ್ನು ಎತ್ತಿಕೊಂಡರಾಯಿತು. ಅಮಾವಾಸ್ಯೆಯ ಕಣ್ಣಿಗೆ ಮಣ್ಣೆರಚುವ ಈ ಯುಕ್ತಿ ಮೊದಲು ಯಾರಿಗೆ ಹೊಳೆಯಿತೋ, ಜಾಣರು. ವಡಗೇರಾದಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ. ನಮ್ಮ ದಾರಿ ವಡಗೇರಾ ಮೇಲೆಯೇ ರಾಯಚೂರಿಗೆ ಹೋಗುತ್ತದೆ. ಅಕ್ಕ ಶುಕ್ರವಾರ ಬಂದು ಉಂಡು, ಅತ್ತೆ ಕೊಟ್ಟ ಗಂಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಹೋದರು. ಒಂದು ಕುಬುಸದ ಖಣ, ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು ಇರಬಹುದೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೊರಡುವ ದಿನ ಬೆಳಕು ಹರಿಯುವ ಮುಂಚೆ, ಕಾಗದಪತ್ರದ ಚೀಲ ತೆಗೆದುಕೊಳ್ಳಲು ಅತ್ತೆಯ ಅಲಮಾರಿ ತೆರೆದೆ. ಮನೆಯಲ್ಲಿ ಅದೇ ಸುರಕ್ಷಿತ ಜಾಗವೆಂದು ಪಾಸ್‌ಪೋರ್ಟು, ಟಿಕೆಟು, ನಾಯಿಯ ಫೈಲು ಎಲ್ಲವನ್ನೂ ನಾನೇ ಅಲ್ಲಿಟ್ಟಿದ್ದೆ. ಚೀಲ ಇರಲಿಲ್ಲ. ಸೀರೆಗಳನ್ನೆಲ್ಲ ಕೆಳಗೆ ಎಳೆದು ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು, ಏನು ಹುಡುಕುತ್ತೀ ಎಂದು ತಣ್ಣಗೆ ಕೇಳಿದರು. ಹೇಳಿದೆ.

"ಅದು ಗಂಟಿನ್ಯಾಗ ಅದ," ಎಂದರು. "ಬರೇ ಅಕ್ಕಿ ಅರಿಶಿಣ ಕಟ್ಟಿಟ್ರ ನೀವು ಹೊಂಟಂಗ ಹೆಂಗಾತು? ಖರೇನ ಹೋಗೋ ಸಾಮಾನು ಇಡಬೇಕು. ಸುಳ್ಳ ಗಂಟು ಇಟ್ರ ದೇವ್ರಿಗೆ ತಿಳಿಯಂಗಿಲ್ಲೇನು?"

ಸೀರೆಗಳನ್ನು ಹಾಗೆಯೇ ನೆಲದ ಮೇಲೆ ಬಿಟ್ಟು ಹೊರಗೆ ಓಡಿದೆ. ನನ್ನ ಗಂಡ, ಹೇಗೂ ವಡಗೇರಾ ದಾರಿಯಲ್ಲೇ ಇದೆಯಲ್ಲ, ಎತ್ತಿಕೊಂಡು ಹೋದರಾಯಿತು ಎಂದು ಗಾಡಿ ಶುರು ಮಾಡಿದರು. ಅದೂ ನಿಜವೇ. ಆದರೆ ಅಕ್ಕನಿಗೆ ಫೋನು ಹಚ್ಚಿದರೆ ಫೋನು ಬಂದ್. ದಾರಿಯುದ್ದಕ್ಕೂ ಹಚ್ಚಿದೆ. ಪಂಜರದಲ್ಲಿ ನಾಯಿ ಕುಂಯ್ ಕುಂಯ್ ಎನ್ನುತ್ತಿತ್ತು. ಸುಮ್ಮನಿರು ಎಂದು ಅದಕ್ಕೂ ಗದರಿದೆ.

ಅಕ್ಕನ ಮನೆಯ ಬಾಗಿಲಿಗೆ ದಪ್ಪನೆಯ ಬೀಗ ಬಿದ್ದಿತ್ತು. ಎದುರು ಮನೆಯ ಹೆಂಗಸು ಅಂಗಳಕ್ಕೆ ನೀರು ಹಾಕುತ್ತಿದ್ದವಳು ಬಂದು ಹೇಳಿದಳು: ನಿನ್ನೆ ಸಂಜೆ ಕಕ್ಕೇರಾದಿಂದ ಸುದ್ದಿ ಬಂತು, ಯಾರೋ ತೀರಿಕೊಂಡರಂತೆ, ಇದ್ದ ಸೀರೆಯಲ್ಲೇ ಎದ್ದು ಹೋದರು. ಚಾವಿ ನಿನ್ನ ಹತ್ತಿರ ಇದೆಯೇ ಎಂದೆ. ದಿನಾ ತನ್ನ ಹತ್ತಿರವೇ ಕೊಟ್ಟು ಹೋಗುತ್ತಿದ್ದರಂತೆ. ಈ ಸಲ ಮಾತ್ರ, ಒಳಗೆ ನಮ್ಮವ್ವನ ಗಂಟು ಅದ, ಯಾರೂ ಮುಟ್ಟಬಾರದು ಎಂದು ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರಂತೆ.

ಕಕ್ಕೇರಾ ಎಂದರೆ ನಾವು ಬಂದ ದಾರಿಯಲ್ಲೇ ಹಿಂದಕ್ಕೆ ಶಹಾಪುರ, ಸುರಪುರ ದಾಟಿ ಹೋಗಬೇಕು. ಹೋಗಿ ಬಂದರೆ ಹಡಗಿನ ಆಸೆ ಬಿಡಬೇಕು. ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಅತ್ತೆಯ ಮೇಲೆ, ಅಯ್ಯನವರ ಮೇಲೆ, ಆ ಸತ್ತವರ ಮೇಲೂ ಸಿಟ್ಟು ಉಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕನ ಮೇಲೆ. ನಾವು ಇವತ್ತು ಬರುತ್ತೇವೆಂದು ಗೊತ್ತಿದ್ದೂ ಚಾವಿ ಒಯ್ಯುವುದೆಂದರೆ ಏನರ್ಥ ಎಂದು ನನ್ನ ಗಂಡನ ಮುಂದೆ ಬಾಯಿಗೆ ಬಂದಂತೆ ಮಾತಾಡಿದೆ. ಅವರು ಮತ್ತೊಮ್ಮೆ ಅಕ್ಕನಿಗೆ ಫೋನು ಹಚ್ಚಿ ನೋಡಿದರು.

ಆಗಲೇ ಮಗಳ ಫೋನು ಬಂತು. ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ, ಇನ್ನು ಬಹಳ ಕಾಯುವುದಿಲ್ಲವಂತೆ, ಒತ್ತಡ ಇಳಿಯದಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರಂತೆ. ಧ್ವನಿ ಸಣ್ಣಗಿತ್ತು. "ಅವ್ವಾ, ಹೊಂಟೀರಿಲ್ಲ?" ಎಂದಳು. ಹೊಂಟೀವಿ, ವಡಗೇರಾ ಮುಟ್ಟೀವಿ ಎಂದೆ. ಸುಳ್ಳೇನೂ ಅಲ್ಲ. ಫೋನು ಇಟ್ಟ ಮೇಲೆ ನನ್ನ ಗಂಡನಿಗೆ, ಕೀಲಿ ಒಡೀರಿ ಎಂದೆ.

ಎದುರು ಮನೆಯವಳು ಅಡ್ಡ ಬಂದಳು. ಸಾವಿಗೆ ಹೋದವರ ಮನೆಯ ಕೀಲಿ ಒಡೆದರೆ ಆ ಮನೆಗೆ ಒಳ್ಳೆಯದಾಗುವುದಿಲ್ಲವಂತೆ. ಅಷ್ಟರಲ್ಲಿ ಓಣಿಯ ಹಿರಿಯರು ಇನ್ನಿಬ್ಬರು ಸೇರಿ, ಒಂಟಿ ಹೆಂಗಸಿನ ಮನೆ, ತುಸು ತಡೀರಿ ಎಂದರು. ತಡೆಯಲು ನನಗೆ ಎಲ್ಲಿತ್ತು ಪುರಸೊತ್ತು? ನಾನೇ ಎದ್ದು, ಬಚ್ಚಲ ಪಕ್ಕದಲ್ಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದೆ. ಮೊದಲ ಏಟು ಕೀಲಿಗೆ ಬೀಳದೆ ಬಾಗಿಲಿಗೆ ಬಿತ್ತು. ಮತ್ತೊಮ್ಮೆ ಎತ್ತುವಷ್ಟರಲ್ಲಿ ಓಣಿಯ ತುದಿಯಲ್ಲಿ ಮೋಟರ್‌ಸೈಕಲ್ ಬಂದು ನಿಂತಿತು. ಹಿಂದೆ ಕೂತಿದ್ದವರು ಅಕ್ಕ.

ಯಾರದೋ ಲಾರಿಯಲ್ಲಿ ಸುರಪುರ, ಅಲ್ಲಿಂದ ಬಸ್ಸು, ವಡಗೇರಾ ಕ್ರಾಸಿನಿಂದ ಪರಿಚಯದವರ ಗಾಡಿ. ಹೀಗೆ ಬಂದಿದ್ದರು. ಸೆರಗೆಲ್ಲ ಧೂಳು. ಕಣ್ಣು ಬಾತಿತ್ತು. ನನ್ನ ಕೈಯಲ್ಲಿದ್ದ ಕಲ್ಲು ನೋಡಿದರು. ಸೊಂಟದಿಂದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು.

"ನೀನ ತಗೋ. ನನ್ನ ಮುಟ್ಟಬ್ಯಾಡ, ಹೆಣದ ಬಾಜೂಕ ಕುಂತು ಬಂದೀನಿ. ಬಸುರಿ ಹತ್ರ ಹೊಂಟಾಕಿ ನೀ," ಎಂದರು.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಾವು ಎಲ್ಲರೂ ಹೇಳುತ್ತೇವೆ. ಹೇಳುವುದು ಬೇರೆ. ನಾನು ಚಾವಿ ತೆಗೆದುಕೊಂಡು ಒಳಗೆ ಓಡಿದೆ. ಗಂಟು ಒಳಗಿನ ದೇವರ ಜಗಲಿಯ ಮೇಲಿತ್ತು. ಬಿಚ್ಚಿ ನೋಡಿದೆ, ಎಲ್ಲ ಇತ್ತು. ನಾಯಿಯ ಕಾಗದದ ಅಂಚಿಗೆ ಅರಿಶಿನ ಹತ್ತಿತ್ತು, ಅಷ್ಟೇ.

ಹೊರಗೆ ಬಂದಾಗ ನನ್ನ ಗಂಡ ಅಕ್ಕನನ್ನು ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರು. ಅಕ್ಕನ ಗೆಳತಿ. ಶಹಾಪುರದಲ್ಲಿ ಒಂದೇ ಓಣಿಯಲ್ಲಿ ಬೆಳೆದು, ಒಂದೇ ಶಾಲೆಗೆ ಹೋಗಿ, ಕಕ್ಕೇರಾಕ್ಕೆ ಮದುವೆಯಾಗಿ ಹೋದವಳು. ವಾರಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ತಾಸುಗಟ್ಟಲೆ ಮಾತಾಡುವುದನ್ನು ನಾವು ಮನೆಯಲ್ಲಿ ಆಡಿಕೊಂಡು ನಗುತ್ತಿದ್ದೆವು.

"ಮಣ್ಣು ಆತೇನಕ್ಕಾ?" ಎಂದೆ.

"ಇಲ್ಲ. ಮಧ್ಯಾನ್ನಕ್ಕ. ಫೋನ್ ಸತ್ತು ಹೋಗಿತ್ತು, ನಿಮಗ ಹೇಳಾಕೂ ಆಗಲಿಲ್ಲ. ನಸುಕಿನ್ಯಾಗ ಹೊಂಟು ಬಂದೆ."

"ಹಂಗಾದ್ರ ಅಕಿಗೆ ಮಣ್ಣು ಕೊಡಲಿಲ್ಲ ನೀವು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಸತ್ತಾಕಿ ನನ್ನ ಮ್ಯಾಲ ಸಿಟ್ಟಾಗಂಗಿಲ್ಲ ಬಿಡು. ಹಡಿಯಾಕಿ ಬಾಜೂಕ ಅವ್ವ ಇಲ್ಲಂದ್ರ ಜಲ್ಮ ಪೂರ್ತಿ ನೆನಸ್ತಾಳ. ಹೊಂಡ್ರಿನ್ನ, ಹಡಗ ತಪ್ಪತದ."

ಕಾರಿನ ಬಾಗಿಲು ತೆರೆದೇ ಇತ್ತು. ಗಡಿಬಿಡಿಯಲ್ಲಿ ಪಂಜರದ ಚಿಲಕವನ್ನು ನಾನು ಸರಿಯಾಗಿ ಹಾಕಿರಲಿಲ್ಲವೆಂದು ಕಾಣುತ್ತದೆ. ನಾಯಿ ಹಾರಿ ಬಂದು, ಅಕ್ಕ ಬ್ಯಾಡ ಬ್ಯಾಡ ಎಂದು ಹಿಂದೆ ಸರಿಯುತ್ತಿದ್ದರೂ ಬಿಡದೆ, ಎರಡು ಕಾಲಿನ ಮೇಲೆ ನಿಂತು ಅವರ ಕೈ ನೆಕ್ಕಿತು. ಅದಕ್ಕೆ ಯಾರ ಸಾವು, ಯಾರ ಮೈಲಿಗೆ? ಅದನ್ನು ಎಳೆದುಕೊಳ್ಳಲು ಹೋದ ನಾನು ಅಕ್ಕನನ್ನೇ ಬಿಗಿಯಾಗಿ ಅಪ್ಪಿಕೊಂಡೆ. ಮುಟ್ಟಬ್ಯಾಡ ಹುಚ್ಚಿ ಎಂದು ಅವರು ದಬ್ಬಿದರು, ನಾನು ಬಿಡಲಿಲ್ಲ. ಅವರ ಮೈಯಿಂದ ಊದುಬತ್ತಿಯ, ವಿಭೂತಿಯ ವಾಸನೆ ಬರುತ್ತಿತ್ತು. ಎದುರು ಮನೆಯವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಆಮೇಲಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಗಂಡ ಊಟಕ್ಕೂ ನಿಲ್ಲಿಸದೆ ಓಡಿಸಿದರು. ಬಂದರಿನಲ್ಲಿ ಅಧಿಕಾರಿ ಅರಿಶಿನದ ಕಲೆಯನ್ನು ಬೆರಳಿನಿಂದ ಬಹಳ ಹೊತ್ತು ಉಜ್ಜಿ ನೋಡಿದರು. ಕೊನೆಗೆ ಠಸ್ಸೆ ಒತ್ತಿದರು. ಮೊದಲ ಸಲ ಸಮುದ್ರದ ಮೇಲೆ ಹೋದವಳು ಸಮುದ್ರವನ್ನು ನೋಡಲೇ ಇಲ್ಲ, ಮಡಿಲಲ್ಲಿ ಚೀಲ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ನಾಯಿಯ ಜೊತೆ ನನ್ನ ಗಂಡನೂ ವಾಂತಿ ಮಾಡಿಕೊಂಡರು.

ಮುಟ್ಟಿದ ಮರುದಿನ ಮಗಳಿಗೆ ಆಪರೇಷನ್ ಆಯಿತು. ಒಳಗೆ ಒಯ್ಯುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಹೊರಗೆ ತಂದಾಗ ಮೊದಲು ಹುಡುಕಿದ್ದೂ ನನ್ನ ಕೈಯನ್ನೇ. ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಮೇಲೆ, ಶಹಾಪುರದಲ್ಲಿ ಕಾಯುತ್ತಿದ್ದ ಅತ್ತೆಗೂ ಮುಂಚೆ ನಾನು ವಡಗೇರಾಕ್ಕೆ ಫೋನು ಹಚ್ಚಿದೆ. ಅಕ್ಕ ಒಂದೇ ರಿಂಗಿಗೆ ಎತ್ತಿದರು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ನೀ ಅಕಿ ಬಾಜೂಕ ಇದ್ದೇನು?" ಎಂದರು.

"ಇದ್ದೆ ಅಕ್ಕಾ."

ಆಗ ಅಕ್ಕ ತಮ್ಮ ಗೆಳತಿಯ ಹೆಸರು ಹಿಡಿದು, ಗಟ್ಟಿಯಾಗಿ ಅಳತೊಡಗಿದರು.