ಹಾಡಿಗೊಂದು ಪಟ

ನಮ್ಮ ಮನೆಯಲ್ಲಿ ದೇವರಿಲ್ಲದ ಗೋಡೆ ಇಲ್ಲ. ಕ್ಯಾಲೆಂಡರು ಹಳೆಯದಾದರೆ ತಾರೀಖಿನ ಭಾಗ ಕತ್ತರಿಸಿ, ದೇವರ ಭಾಗವನ್ನು ಮತ್ತೆ ಮೊಳೆಗೇ ಸಿಕ್ಕಿಸುತ್ತೇನೆ. ವರ್ಷ ಮುಗಿಯಬಹುದು, ದೇವರು ಮುಗಿಯುತ್ತಾನೆಯೇ? ಇಂಥವಳಿಗೆ ತನ್ನ ಫೋನಿನ ಹಾಡುಗಳಿಗೆ ಪಟವೇ ಇಲ್ಲವೆಂಬುದು ಬಹಳ ದಿನ ಕಣ್ಣಿಗೇ ಬಿದ್ದಿರಲಿಲ್ಲ ಎಂದರೆ ನೀವು ನಗುತ್ತೀರಿ. ಸಾಲಾಗಿ ಬೂದು ಬಣ್ಣದ ಚೌಕಗಳು, ಒಂದೊಂದರ ನಡುವೆ ಬಾಲ ಬಗ್ಗಿದ ಒಂದು ಗುರುತು. ಓದು ಬಲ್ಲ ನನಗೆ ಪಕ್ಕದ ಹೆಸರು ಸಾಕಿತ್ತು. ಓದು ಬಾರದ ನಮ್ಮ ಅತ್ತೆಗೆ ಅದು ಎಲ್ಲ ಮನೆಗೂ ಒಂದೇ ಬಣ್ಣದ ಬಾಗಿಲಿರುವ ಬೀದಿಯಂತೆ ಕಾಣುತ್ತಿತ್ತು.

ಆ ಬೀದಿಯಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ ಮನೆ. ಅತ್ತೆಯ ಅಕ್ಕನನ್ನು ಬಿಂಡಿಗನವಿಲೆಗೆ ಕೊಟ್ಟಿತ್ತು. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ನನ್ನ ಮದುವೆಯ ಅರಿಶಿನ ಶಾಸ್ತ್ರದ ದಿನ ಅವರು ಸೋಬಾನೆ ಹೇಳಿದ್ದನ್ನು ಯಾರೋ ಪುಣ್ಯಾತ್ಮರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. ಕ್ಯಾಸೆಟ್ಟು ವರ್ಷಗಟ್ಟಲೆ ಟ್ರಂಕಿನಲ್ಲಿ ಬಿದ್ದಿದ್ದರೂ ಬೂಷ್ಟು ಹಿಡಿದಿರಲಿಲ್ಲ, ಅದೊಂದು ದಯೆ. ಹೋದ ವರ್ಷ ದೊಡ್ಡಮ್ಮ ತೀರಿಕೊಂಡ ಮೇಲೆ ನಮ್ಮ ಯಜಮಾನರು ನಾಗಮಂಗಲದ ಸ್ಟುಡಿಯೋ ಒಂದರಲ್ಲಿ ಕೊಟ್ಟು, ಆ ಹಾಡನ್ನು ನನ್ನ ಫೋನಿಗೆ ಹಾಕಿಸಿಕೊಂಡು ಬಂದರು. ಭಜನೆಗಳ ನಡುವೆ ಅದೂ ಒಂದು ಬೂದು ಚೌಕವಾಗಿ ಕುಳಿತಿತು.

ಅತ್ತೆ ಮಧ್ಯಾಹ್ನದ ಹೊತ್ತು ಪಡಸಾಲೆಯಿಂದ ಕೂಗುತ್ತಿದ್ದರು. "ಏ ಸಾವಿತ್ರಿ, ನಮ್ಮಕ್ಕನ್ನ ಒಸಿ ಹಾಕ್ಕೊಡವ್ವ."

ನಾನು ಹಿಟ್ಟಿನ ಕೈ ತೊಳೆದು ಬರುವಷ್ಟರಲ್ಲಿ ಅವರಿಗೇ ಸಂಕೋಚ. "ಬುಡು, ನಿಂಗೆ ಕೆಲ್ಸ. ಆಮ್ಯಾಕೆ ಕೇಳ್ತೀನಿ."

ತಂಗಿಯಾದವಳು ಅಕ್ಕನ ದನಿ ಕೇಳುವುದಕ್ಕೆ ಸೊಸೆಯ ಬಿಡುವು ಕಾಯಬೇಕೆ? ಈ ಮಾತು ನನ್ನನ್ನು ಚುಚ್ಚಿತು. ಪಾಂಡವಪುರದಲ್ಲಿರುವ ನನ್ನ ತಂಗಿ ರುಕ್ಮಿಣಿಗೆ ಫೋನು ಮಾಡಿದೆ. ಹಾಡಿಗೆ ಪಟ ಅಂಟಿಸಬಹುದು, ಆಗ ಓದು ಬಾರದವರೂ ಪಟ ನೋಡಿ ಒತ್ತಬಹುದು ಎಂದಳು. ಹಾಡಿನ ಮೇಲೆ ಬೆರಳಿಟ್ಟು ಹಿಡಿ, ಮೂರು ಚುಕ್ಕಿ ಒತ್ತು, ಪಟ ಆರಿಸು. ನಾನು ಹಿಡಿದೆ, ಒತ್ತಿದೆ, ಒಂದು ಭಜನೆ ಅಳಿಸಿಯೇ ಹೋಯಿತು.

"ಅಲ್ಲ ಕಣಕ್ಕ, ಒಬ್ಬಟ್ಟು ಮಾಡಕ್ ಬತ್ತದೆ, ಒಂದ್ ಪಟ ಅಂಟ್ಸಕ್ ಬರಕಿಲ್ವಾ?"

"ಒಬ್ಬಟ್ಟು ಒತ್ತುದ್ರೆ ಮಾಯ ಆಗಕಿಲ್ಲ ಕಣೇ!"

ಹೇಗೋ ಕಲಿತೆ. ಕಲಿತ ಮೇಲೆ ನನ್ನ ಭಕ್ತಿ ಸುಮ್ಮನಿರುತ್ತದೆಯೇ? ಶಿವನ ಭಜನೆಗೆ ಶಿವ, ಅಮ್ಮನವರ ಹಾಡಿಗೆ ಅಮ್ಮನವರು. ದೊಡ್ಡಮ್ಮನ ಸೋಬಾನೆಗೆ ಲಕ್ಷ್ಮೀನಾರಾಯಣರನ್ನು ಕೂರಿಸಿದೆ, ಮದುವೆಯ ಹಾಡಲ್ಲವೇ ಎಂದು. ಅತ್ತೆಗೆ ತೋರಿಸಿಕೊಟ್ಟು, ಗೆದ್ದವಳ ಹಾಗೆ ಅಡುಗೆಮನೆಗೆ ನಡೆದೆ.

ಹಾಡು ಶುರುವಾಯಿತು. ಒಂದು ಸಾಲು ಮುಗಿಯಲಿಲ್ಲ, ಶಿವನ ಭಜನೆ ಕೇಳಿಸಿತು. ಮತ್ತೆ ದೊಡ್ಡಮ್ಮ, ಮತ್ತೆ ಶಿವ. ಮರುದಿನವೂ ಅದೇ ಕಥೆ.

"ನಮ್ಮಕ್ಕ ನನ್ ಮ್ಯಾಲೆ ಮುನಿಸ್ಕೊಂಡವ್ಳೆ ಕಣವ್ವ," ಎಂದರು ಅತ್ತೆ. "ಬತ್ತಾಳೆ, ಎದ್ದೋಯ್ತಾಳೆ. ಕೊನೆಗಾಲ್ದಲ್ಲಿ ಹೋಗಿ ಎಲ್ಡು ದಿನ ಕೂತಿದ್ದು ಬರ್ನಿಲ್ವಲ್ಲ, ಅದ್ಕೆ."

"ಯಾವ ಮುನಿಸೂ ಇಲ್ಲ ಸುಮ್ಕಿರವ್ವ, ಫೋನ್ಗೆ ಬ್ಯಾಟ್ರಿ ಇಲ್ಲ," ಎಂದರು ಯಜಮಾನರು. ಬ್ಯಾಟರಿ ತುಂಬಿತ್ತು. ದೊಡ್ಡಮ್ಮನ ಕೊನೆಗಾಲದಲ್ಲಿ ಅತ್ತೆಗೆ ಮಂಡಿನೋವು, ಬಸ್ಸು ಹತ್ತುವ ಹಾಗಿರಲಿಲ್ಲ. ಅದು ಅವರಿಗೂ ಗೊತ್ತು. ಗೊತ್ತಿರುವುದಕ್ಕೂ ಮನಸ್ಸು ಒಪ್ಪುವುದಕ್ಕೂ ನಡುವೆ ಬಹಳ ದಾರಿ. ಅಲ್ಲಿಂದ ಮುಂದೆ ಅವರು ಫೋನು ಕೇಳುವುದನ್ನೇ ಬಿಟ್ಟರು. ನಾನೇ ಕೊಡಲು ಹೋದರೆ "ಬ್ಯಾಡ ಬುಡು" ಎಂದು ಅವರೆಕಾಯಿ ಸುಲಿಯುತ್ತಾ ಕೂತರು.

ಬಲವಂತ ಮಾಡಿ ಒಮ್ಮೆ ಕೈಗೆ ಕೊಟ್ಟು, ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅತ್ತೆ ಒತ್ತಿದರು. ಲಕ್ಷ್ಮೀನಾರಾಯಣರ ಪಟ ಪರದೆ ತುಂಬ ಹರಡಿಕೊಂಡಿತು. ಎದುರಿಗೆ ದೇವರು! ಅತ್ತೆ ಬೆರಳನ್ನು ಪಟದ ಮೇಲೆ ಮೆಲ್ಲಗೆ ಸವರಿ ಕಣ್ಣಿಗೊತ್ತಿಕೊಂಡರು. ಪಟದ ಮೇಲೆ ಬೆರಳು ಸವರಿದರೆ ಮುಂದಿನ ಹಾಡು ಎಂಬುದು ಫೋನಿನ ಕಾನೂನು. ದೊಡ್ಡಮ್ಮ ಹೋದರು, ಶಿವ ಬಂದ. ಅತ್ತೆ ಅವನನ್ನೂ ಸವರಿ ಕಣ್ಣಿಗೊತ್ತಿಕೊಂಡರು.

ನಗು ಬಂತು. ಹೊರಗೆ ಬಂದು, "ಅತ್ತೆ, ಪಟ ಮುಟ್ಬ್ಯಾಡಿ, ಮುಟ್ಟಿದ್ರೆ ಹಾಡು ಹೊಂಟೋಯ್ತದೆ," ಎಂದೆ.

"ದ್ಯಾವ್ರು ಮುಂದ್ಗಡೆ ಅವ್ನೆ. ಮುಟ್ಟಿ ಕಣ್ಗೊತ್ಕೊಳ್ದೆ ಎಂಗವ್ವ ಇರದು?"

ಬಸ್ಸಿನ ಕಿಟಕಿಯಲ್ಲಿ ಗುಡಿಯ ಗೋಪುರ ಕಂಡರೂ ಕೆನ್ನೆ ಮುಟ್ಟಿಕೊಳ್ಳುವವಳು ನಾನು.

ಹೊಸಹೊಳಲಿನ ದೇವಸ್ಥಾನಕ್ಕೆ ಹೋದಾಗಲೆಲ್ಲ ನಾನು ಹೊರಗೋಡೆಯ ಮುಂದೆ ಬಹಳ ಹೊತ್ತು ನಿಲ್ಲುತ್ತೇನೆ. ಅಕ್ಷರ ಬಾರದವರೂ ಗೋಡೆ ಸುತ್ತಿ ರಾಮಾಯಣ ಓದಿಕೊಳ್ಳಲಿ ಎಂದು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಒಳಗೆ ಗರ್ಭಗುಡಿ ಮಾತ್ರ ಕತ್ತಲು, ಅಲ್ಲಿ ನಾವು ಕಣ್ಣೇ ಮುಚ್ಚಿಕೊಳ್ಳುತ್ತೇವೆ. ಅದೆಲ್ಲ ನೆನೆಸಿಕೊಂಡಾಗ ಅನಿಸಿತು, ಹೊರಗಿನ ಪಟಕ್ಕೂ ಒಳಗಿರುವವರಿಗೂ ಒಂದು ಸಂಬಂಧ ಇರಬೇಕಲ್ಲ? ಹಾಡುತ್ತಿರುವವರು ದೊಡ್ಡಮ್ಮ. ನಾನು ಬಾಗಿಲಲ್ಲಿ ನಾರಾಯಣನನ್ನು ನಿಲ್ಲಿಸಿದ್ದೆ.

ಆದರೆ ದೊಡ್ಡಮ್ಮನ ಫೋಟೋ ಎಲ್ಲಿದೆ? ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವರು ಜೀವಮಾನವೆಲ್ಲ ಸೆರಗು ಮರೆ ಮಾಡಿಕೊಂಡೇ ತಿರುಗಿದವರು. ಮರಿಮಕ್ಕಳ ಮದುವೆ ನೋಡಿಕೊಂಡು ಹೋದರು, ಹಾಗಾಗಿ ತಪ್ಪು ಎನ್ನುವಂತೆಯೂ ಇಲ್ಲ. ನನ್ನ ಮದುವೆಯ ಆಲ್ಬಮ್ಮು ತೆಗೆದೆ. ಪುಟ ತಿರುವಿ ತಿರುವಿ ಕೊನೆಗೆ ಅರಿಶಿನ ಶಾಸ್ತ್ರದ ಒಂದು ಫೋಟೋದಲ್ಲಿ ಸಿಕ್ಕರು. ಮುಖವಲ್ಲ, ಕೈ. ಪಕ್ಕದಿಂದ ಚಾಚಿ ನನ್ನ ಕೆನ್ನೆಗೆ ಅರಿಶಿನ ಹಚ್ಚುತ್ತಿರುವ ಕೈ. ಹಸಿರು ಬಳೆ, ಅದರ ಮೇಲೆ ಮೊಣಕೈವರೆಗೂ ಹಚ್ಚೆ. ರುಕ್ಮಿಣಿ ಹೇಳಿಕೊಟ್ಟ ಹಾಗೆ ಆ ಫೋಟೋವನ್ನು ಫೋನಿನಲ್ಲಿ ತೆಗೆದು, ಬೇಡದ್ದನ್ನು ಕತ್ತರಿಸಿದೆ. ಬೇಡದ್ದೆಂದರೆ ನಾನೇ. ಮದುಮಗಳಾಗಿ ನಾನು ಚೆನ್ನಾಗಿ ಕಂಡಿದ್ದ ಒಂದೇ ಫೋಟೋ ಅದು!

ಲಕ್ಷ್ಮೀನಾರಾಯಣರಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ಅವರನ್ನು ಬೇರೆ ಭಜನೆಗೆ ಕಳಿಸಿ ಆ ಕೈಯನ್ನು ಕೂರಿಸಿದೆ. ಫೋನನ್ನು ಅತ್ತೆಯ ಮಡಿಲಲ್ಲಿಟ್ಟೆ.

ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ಇದು ನಮ್ಮಕ್ಕನ ಕೈ ಕಣೇ! ಒಂದೇ ದಿವ್ಸ ಇಬ್ರೂ ಹಚ್ಚೆ ಹುಯ್ಸ್ಕಂಡೊ. ನಾನು ಊರಿಗೆಲ್ಲ ಕೇಳಂಗೆ ಕಿರ್ಚ್ಕಂಡೆ, ಅವ್ಳು ಕಮಕ್ ಕಿಮಕ್ ಅನ್ನಿಲ್ಲ." ಬೆರಳು ಮೇಲೆದ್ದಿತು. ಈಗ ಸವರಿಯೇ ಬಿಡುತ್ತಾರೆ ಎಂದುಕೊಂಡೆ. ಒಂದೇ ಸಲ ಒತ್ತಿ, ಆ ಬೆರಳನ್ನು ಅವರು ತಮ್ಮ ಕೈಯ ಹಚ್ಚೆಯ ಮೇಲೆ ಇಟ್ಟುಕೊಂಡರು. ಅದು ಅಲ್ಲೇ ಉಳಿಯಿತು.

ನಾನು ಒಳಗೆ ಹೋಗಿ ರಾಗಿಹಿಟ್ಟಿಗೆ ಕೈಹಾಕಿದೆ. ಸೋಬಾನೆ ಎಂದರೆ ಒಬ್ಬರು ಹೇಳಬೇಕು, ಉಳಿದವರು ಹಿಂದೆ ಸೊಲ್ಲು ಕೊಡಬೇಕು. ಕ್ಯಾಸೆಟ್ಟಿನಲ್ಲಿ ದೊಡ್ಡಮ್ಮನ ದನಿ ಮಾತ್ರ ಚೆನ್ನಾಗಿ ಸಿಕ್ಕಿದೆ, ಸೊಲ್ಲು ಕೊಟ್ಟವರೆಲ್ಲ ದೂರದಲ್ಲೆಲ್ಲೋ ಗುಯ್‌ಗುಟ್ಟುತ್ತಾರೆ. ಮೂರನೆಯ ಸಾಲಿಗೋ ನಾಲ್ಕನೆಯದಕ್ಕೋ ಪಡಸಾಲೆಯಿಂದ ಇನ್ನೊಂದು ದನಿ ಎದ್ದಿತು. ನಡುಗುವ ದನಿ, ಆದರೆ ಸೊಲ್ಲು ತಪ್ಪಲಿಲ್ಲ. ಅಕ್ಕ ಹೇಳಿದ್ದಕ್ಕೆ ತಂಗಿ ಉತ್ತರ ಕೊಡುತ್ತಿದ್ದಳು.

ಆ ಕ್ಯಾಸೆಟ್ಟಿನ ಟೇಪು ಹಾಡಿನ ನಡುವೆಯೇ ಮುಗಿದುಹೋಗಿದೆ. ಹೆಣ್ಣನ್ನು ಹಸೆಗೆ ಕರೆಯುವ ಸಾಲು ಬರುವ ಹೊತ್ತಿಗೆ ದೊಡ್ಡಮ್ಮನ ದನಿ ಗಕ್ಕನೆ ನಿಲ್ಲುತ್ತದೆ. ಅಂದೂ ನಿಂತಿತು. ಅತ್ತೆ ನಿಲ್ಲಲಿಲ್ಲ. ಅಕ್ಕನ ಸಾಲನ್ನೂ ತಾವೇ ಹೇಳಿ, ಸೊಲ್ಲನ್ನೂ ತಾವೇ ಕೊಟ್ಟು, ಹೆಣ್ಣನ್ನು ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿಯೇ ಬಿಟ್ಟರು.

ಅದನ್ನು ರೆಕಾರ್ಡು ಮಾಡಿಕೊಳ್ಳಬೇಕಿತ್ತು ಎಂದು ರುಕ್ಮಿಣಿ ಈಗಲೂ ಬೈಯುತ್ತಾಳೆ. ಹೇಗೆ ಮಾಡಲಿ? ನನ್ನ ಕೈ ತುಂಬ ಹಿಟ್ಟು, ಯಜಮಾನರ ಫೋನು ಅವರ ಜೇಬಿನಲ್ಲಿ ಗದ್ದೆಗೆ ಹೋಗಿತ್ತು, ನನ್ನದು ಅತ್ತೆಯ ಮಡಿಲಲ್ಲಿತ್ತು. ನಿಂತು ಕೇಳುವುದೊಂದೇ ನನಗೆ ಉಳಿದದ್ದು. ಅಷ್ಟು ಕೊಟ್ಟನಲ್ಲ, ಭಗವಂತ.